ವಿಜ್ಞಾನದ ಪೀರಿಯಡ್ಡಿಗೆ ಮೊದಲ ದಿನ

ಶಾಲೆ ಬಾಗಿಲು ತೆರೆಯುವ ವಾರ ನಮ್ಮೂರ ಪುಸ್ತಕದಂಗಡಿಗಳ ಮುಂದೆ ಸಣ್ಣ ಜಾತ್ರೆಯೇ ನೆರೆಯುತ್ತದೆ. ಬ್ರೌನ್ ಪೇಪರು, ಲೇಬಲ್ಲು, ಜಾಮಿಟ್ರಿ ಬಾಕ್ಸು, ಅಪ್ಪನ ಜೇಬು, ಮಗನ ಹಟ. ಈ ಗದ್ದಲದ ನಡುವೆ ಐದನೆಯ ತರಗತಿ ಮುಗಿಸಿ ಆರಕ್ಕೆ ಕಾಲಿಡುವ ಮಕ್ಕಳ ಚೀಲಕ್ಕೆ ಒಂದು ಹೊಸ ಪುಸ್ತಕ ಸೇರುತ್ತದೆ. ಅಲ್ಲಿಯವರೆಗೆ ಪರಿಸರ ಅಧ್ಯಯನ ಎಂಬ ಹೆಸರಿನಲ್ಲಿ ಗಿಡ-ಮರ, ಕೆರೆ-ಬಾವಿ, ಪಂಚಾಯ್ತಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಓದಿದವರಿಗೆ ಇನ್ನು ಮುಂದೆ ವಿಜ್ಞಾನ ಬೇರೆ, ಅದರ ಪೀರಿಯಡ್ಡು ಬೇರೆ. ಮನೆಯಲ್ಲಿ ಅಣ್ಣ-ಅಕ್ಕಂದಿರು ಆಗಲೇ ಹೆದರಿಸಿಟ್ಟಿರುತ್ತಾರೆ: “ದ್ಯುತಿಸಂಶ್ಲೇಷಣೆ ಅಂತ ಒಂದು ಬರುತ್ತೆ, ಆಗ ಗೊತ್ತಾಗುತ್ತೆ ನಿಂಗೆ!”

ಈ ಮಕ್ಕಳನ್ನು ಮೊದಲ ದಿನ ಎದುರುಗೊಳ್ಳುವ ಕೆಲಸವನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದೇನೆ. ನಿವೃತ್ತಿಯಾದ ಮೇಲೂ ಮಳೆಗಾಲ ಹಿಡಿಯುವ ಹೊತ್ತಿಗೆ ಹಳೆಯ ಶಿಷ್ಯರಲ್ಲಿ ಮೇಷ್ಟರಾದ ಯಾರಾದರೂ ಕರೆಯುತ್ತಾರೆ. “ಸಾರ್, ಆರನೇ ಕ್ಲಾಸಿಗೆ ಒಂದು ಪೀರಿಯಡ್ಡು ತಗೊಳ್ಳಿ” ಎಂದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಜೇಬಿನಲ್ಲಿ ಅರ್ಧ ಸೇರು ಕಡಲೆಕಾಯಿ ಹಾಕಿಕೊಂಡು ಹೊರಡುತ್ತೇನೆ.

ಕಡಲೆಕಾಯಿ ತಿನ್ನುವುದಕ್ಕಲ್ಲ, ತಿನ್ನುವುದು ಕೊನೆಗೆ. ಒಬ್ಬೊಬ್ಬರಿಗೂ ಒಂದೊಂದು ಕೊಟ್ಟು, “ಇದು ನಿಮ್ಮದು. ಹತ್ತು ನಿಮಿಷ ಇದನ್ನೇ ನೋಡಿ. ಕಂಡದ್ದನ್ನೆಲ್ಲ ಬರೆಯಿರಿ” ಎನ್ನುತ್ತೇನೆ. ಮೊದಲು ಕಿಸಿಕಿಸಿ ನಗು. ಆಮೇಲೆ ಸ್ಕೇಲು ಹೊರಬರುತ್ತದೆ. ಒಬ್ಬ ಅಲ್ಲಾಡಿಸಿ ಕಿವಿಗಿಟ್ಟು ಕೇಳುತ್ತಾನೆ. ಒಬ್ಬಳು ಗೆರೆ ಎಣಿಸುತ್ತಾಳೆ. ಹತ್ತು ನಿಮಿಷದ ನಂತರ ಎಲ್ಲವನ್ನೂ ಒಂದು ಮೊರಕ್ಕೆ ಸುರಿದು ಕಲಸಿ, ನಿಮ್ಮ ನಿಮ್ಮ ಕಡಲೆಕಾಯಿ ಹುಡುಕಿಕೊಳ್ಳಿ ಎಂದರೆ ತರಗತಿ ಕುರುಕ್ಷೇತ್ರವಾಗುತ್ತದೆ. ‘ಕಂದು ಬಣ್ಣ, ಉದ್ದಗೆ ಇದೆ’ ಎಂದು ಬರೆದವರಿಗೆ ಸಿಗುವುದಿಲ್ಲ. ‘ಸೊಂಟದ ಹತ್ತಿರ ಕರಿ ಚುಕ್ಕೆ, ಮೂತಿ ಎಡಕ್ಕೆ ಸೊಟ್ಟ’ ಎಂದು ಬರೆದವರಿಗೆ ಸಿಗುತ್ತದೆ. ನೋಡುವುದಕ್ಕೂ ಕಣ್ಣು ಹಾಯಿಸುವುದಕ್ಕೂ ಇರುವ ವ್ಯತ್ಯಾಸವನ್ನು ಭಾಷಣ ಮಾಡಿ ತಿಳಿಸುವ ಕಷ್ಟ ನನಗೆ ತಪ್ಪುತ್ತದೆ.

ಇದಾದ ಮೇಲೆ ಕಟ್ಟಳೆಗಳು. ಕೆಲವು ಪ್ರಾಣಕ್ಕೆ ಸಂಬಂಧಿಸಿದವು, ಅವುಗಳಲ್ಲಿ ರಾಜಿಯಿಲ್ಲ. ಯಾವುದನ್ನೂ ಬಾಯಿಗಿಡಬಾರದು. ವಾಸನೆ ನೋಡಬೇಕಾದರೆ ಸೀಸೆಗೆ ಮೂಗು ತೂರಿಸದೆ ಕೈಯಿಂದ ಗಾಳಿ ಬೀಸಿಕೊಂಡು ನೋಡಬೇಕು. ಸ್ಪಿರಿಟ್ ದೀಪದ ಹತ್ತಿರ ಹೋಗುವ ಮುನ್ನ ಜಡೆ ಹಿಂದಕ್ಕೆ ಹೋಗಬೇಕು, ದುಪಟ್ಟಾ ಬಿಗಿಯಾಗಬೇಕು. ಆಮ್ಲವನ್ನು ತೆಳು ಮಾಡುವುದು ಮೇಷ್ಟರ ಕೆಲಸ. ಅವರೂ ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾರೆಯೇ ಹೊರತು ಆಮ್ಲಕ್ಕೆ ನೀರು ಸುರಿಯುವುದಿಲ್ಲ. ಸುರಿದರೆ ಸಿಡಿದು ಮುಖಕ್ಕೆ ಬಂದೀತು. ಒಡೆದ ಗಾಜನ್ನು ಕೈಯಲ್ಲಿ ಬಾಚಬಾರದು, ಒಡೆದದ್ದನ್ನು ಮುಚ್ಚಿಡಲೂಬಾರದು. ಬೈಗುಳಕ್ಕೆ ಹೆದರಿ ಗಾಜಿನ ಚೂರನ್ನು ಡೆಸ್ಕಿನೊಳಗೆ ಬಚ್ಚಿಟ್ಟ ಹುಡುಗನ ಬೆರಳಿಗೆ ಹೊಲಿಗೆ ಹಾಕಿಸಿದ ದಿನದಿಂದ, ಒಡೆದವರನ್ನು ನಾನು ಬೈದಿಲ್ಲ.

ಇಷ್ಟು ಸುಲಭ. ಕಷ್ಟವಾದ ಕಟ್ಟಳೆ ಇನ್ನೊಂದಿದೆ. ಕಂಡದ್ದನ್ನೇ ಬರೆಯಬೇಕು, ಕಾಣಬೇಕಾಗಿದ್ದನ್ನಲ್ಲ. ಇದನ್ನು ನಾನು ಕಲಿತದ್ದು ಟ್ರೈನಿಂಗಿನಲ್ಲಲ್ಲ. ಒಂದು ಹುಡುಗಿಗೆ ಅನ್ಯಾಯ ಮಾಡಿ.

ಮೇಣದಬತ್ತಿಯ ಪ್ರಯೋಗ ನಿಮಗೆ ನೆನಪಿರಬಹುದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಗಾಳಿಯಲ್ಲಿದ್ದ ಆಮ್ಲಜನಕವನ್ನು ಬತ್ತಿ ಬಳಸಿಕೊಂಡಿತು, ಆ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ನಾನು ಓದಿದ್ದೂ ಹೀಗೆ, ಪಾಠ ಮಾಡಿದ್ದೂ ಹೀಗೆ. 1980ರ ದಶಕದ ಕೊನೆಯ ಒಂದು ವರ್ಷ, ಬಸ್ ಕಂಡಕ್ಟರರೊಬ್ಬರ ಮಗಳು ಪ್ರಯೋಗ ಮುಗಿಸಿ ಎದ್ದು ನಿಂತು ಹೇಳಿದಳು: “ಸಾರ್, ಉರಿಯುವಾಗ ನೀರು ಏರಲಿಲ್ಲ ಸಾರ್. ಆರಿದ ಮೇಲೆ ಬುಳಕ್ ಅಂತ ಏರಿತು.” ಕೂತ್ಕೋ ಎಂದೆ. ಅವಳ ಪಕ್ಕದ ಗುಂಪಿನವರು ಚೇಷ್ಟೆಗೆ ಮೂರು ಬತ್ತಿ ಹಚ್ಚಿದ್ದರು. ಅವರದರಲ್ಲಿ ನೀರು ಇನ್ನೂ ಮೇಲೆ ಹೋಗಿತ್ತು. ಅದನ್ನೂ ಅವಳು ನೋಟ್‌ಬುಕ್ಕಿನಲ್ಲಿ ಬರೆದಳು. ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ‘ಐದನೇ ಒಂದು’ ಎಂದು ತಿದ್ದಿ, ಒಂದು ಮಾರ್ಕು ಕಳೆದೆ.

ಮಾರ್ಕು ಕಳೆದವನಿಗೆ ರಾತ್ರಿ ನಿದ್ದೆ ಬರಬೇಕಲ್ಲ? ಮನೆಯಲ್ಲಿ ಅಡುಗೆಮನೆಯ ತಟ್ಟೆ ತಂದು ನಾನೇ ಮಾಡಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ. ಬತ್ತಿಯ ಬಿಸಿಗೆ ಲೋಟದೊಳಗಿನ ಗಾಳಿ ಹಿಗ್ಗಿರುತ್ತದೆ. ಮುಚ್ಚುವಾಗ ಒಂದಿಷ್ಟು ಅಂಚಿನಿಂದ ಗುಳ್ಳೆಗಳಾಗಿ ಹೊರಗೂ ಹೋಗುತ್ತದೆ. ಬತ್ತಿ ಆರಿದ ಮೇಲೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿ ಹೆಚ್ಚಾದಷ್ಟೂ ಬಿಸಿ ಹೆಚ್ಚು, ನೀರಿನ ಏರಿಕೆಯೂ ಹೆಚ್ಚು. ಆಮ್ಲಜನಕ ಪೂರ್ತಿ ಖಾಲಿಯಾಗುವುದಿಲ್ಲ. ಬಹುಪಾಲು ಉಳಿದಿರುವಾಗಲೇ ಬತ್ತಿ ಸೋಲುತ್ತದೆ. ಖರ್ಚಾದ ಆಮ್ಲಜನಕದ ಜಾಗದ ಒಂದು ಪಾಲನ್ನು ಹೊಸದಾಗಿ ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಐದನೇ ಒಂದರ ಹತ್ತಿರ ನೀರು ನಿಂತರೆ ಅದು ಬಹುಮಟ್ಟಿಗೆ ಕಾಕತಾಳೀಯ. (ಐದನೇ ಒಂದು ಎಂಬುದು ಸುಳ್ಳಲ್ಲ. ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ ತಂದು, ಒದ್ದೆಯಾದ ಪ್ರನಾಳದ ಒಳಗೋಡೆಗೆ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಿ ನಾಲ್ಕಾರು ದಿನ ಬಿಡಿ. ತುಕ್ಕು ಹಿಡಿಯುತ್ತ ಹಿಡಿಯುತ್ತ ನೀರು ಮೆಲ್ಲಗೆ ಏರಿ ಐದನೇ ಒಂದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಬಿಸಿಯ ಮೋಸವಿಲ್ಲ.)

ಮೈಕೇಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆಂದು ಆರು ಉಪನ್ಯಾಸ ಆರಂಭಿಸಿದ್ದು ಒಂದು ಮೇಣದಬತ್ತಿಯ ಮೇಲೆಯೇ. ಅಷ್ಟು ದೊಡ್ಡವರಿಗೆ ಅದರಲ್ಲಿ ಆರು ಉಪನ್ಯಾಸಕ್ಕಾಗುವಷ್ಟು ಕಂಡಿತ್ತು. ನಾನು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಇನ್ನಷ್ಟು ಕಂಡವಳನ್ನು ಕೂರಿಸಿಬಿಟ್ಟಿದ್ದೆ.

ಮರುವಾರ ಆ ನೋಟ್‌ಬುಕ್ಕು ಕೇಳಿದೆ. ಆದರೆ ಅವಳ ತಂದೆಗೆ ಬೇರೆ ಡಿಪೋಗೆ ವರ್ಗವಾಗಿ, ಟಿ.ಸಿ. ತೆಗೆದುಕೊಂಡು ಹೋಗಿಯಾಗಿತ್ತು. ಆ ಒಂದು ಮಾರ್ಕು ಇಂದಿಗೂ ನನ್ನ ಲೆಕ್ಕದಲ್ಲಿ ಬಾಕಿ.

ಆಗ ನನಗೆ ತಿಳಿದಿರಲಿಲ್ಲ, ಇದೇ ಕಟ್ಟಳೆಯ ಮೇಲೆ ಒಂದಿಡೀ ಜಿಲ್ಲೆಯ ಶಾಲೆಗಳು ನಡೆಯುತ್ತಿದ್ದವು ಎಂದು. ಮಧ್ಯಪ್ರದೇಶದ ಹೊಶಂಗಾಬಾದ್‌ನಲ್ಲಿ (ಈಗ ಅದಕ್ಕೆ ನರ್ಮದಾಪುರಂ ಎಂದು ಹೆಸರು) ಕಿಶೋರ್ ಭಾರತಿ ಹಾಗೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ 16 ಮಾಧ್ಯಮಿಕ ಶಾಲೆಗಳೊಂದಿಗೆ ಈ ಕೆಲಸ ಶುರು ಮಾಡಿದವು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಶಾಲೆಗಳಿಗೂ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದನ್ನು ಹೊತ್ತುಕೊಂಡಿತು. ಆರರಿಂದ ಎಂಟರವರೆಗಿನ ಮಕ್ಕಳು ಸಣ್ಣ ಸಣ್ಣ ಗುಂಪುಗಳಲ್ಲಿ ಕೂತು ತಾವೇ ಪ್ರಯೋಗ ಮಾಡಿ, ತಮಗೆ ಕಂಡದ್ದನ್ನು ಬರೆದು, ತಂಡ ತಂಡಗಳ ಫಲಿತಾಂಶ ಹೋಲಿಸಿ ಚರ್ಚಿಸುತ್ತಿದ್ದರು. ‘ಬಾಲ ವೈಜ್ಞಾನಿಕ್’ ಎಂಬ ಅವರ ಪುಸ್ತಕದಲ್ಲಿ ಮಾಡುವುದು ಹೇಗೆಂದು ಇರುತ್ತಿತ್ತೇ ಹೊರತು, ಸಿದ್ಧ ಉತ್ತರ ಇರುತ್ತಿರಲಿಲ್ಲ. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಿತ್ತು. ಉತ್ತರವೇ ಇಲ್ಲದ ಪುಸ್ತಕದಿಂದ ಕಾಪಿ ಹೊಡೆಯುವುದೇನನ್ನು? ಮಕ್ಕಳ ಪ್ರಶ್ನೆಗಳಿಗೆಂದೇ ‘ಸವಾಲಿರಾಮ್’ ಎಂಬ ಕಾಲ್ಪನಿಕ ಮನುಷ್ಯನೊಬ್ಬನಿದ್ದ. ಅವನಿಗೆ ಕಾಗದ ಬರೆದರೆ ಉತ್ತರ ಬರುತ್ತಿತ್ತು. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಅದರ ವಾದ-ವಿವಾದ ಇಲ್ಲಿ ಬೇಡ. ನನ್ನ ಮಟ್ಟಿಗೆ ಅದೊಂದು ನಷ್ಟ.

ನಮ್ಮಲ್ಲಿ ಸವಾಲಿರಾಮ್ ಇಲ್ಲದಿದ್ದರೇನು, ಒಂದು ಬೂಟಿನ ರಟ್ಟಿನ ಡಬ್ಬಿ ಇದೆ. ಮೊದಲ ದಿನ ಅದಕ್ಕೊಂದು ಸೀಳು ಮಾಡಿ ಕಿಟಕಿಯ ಹತ್ತಿರ ಇಡುತ್ತೇನೆ. ಹೆಸರು ಬರೆಯದೆ ಪ್ರಶ್ನೆ ಹಾಕಬಹುದು. ಒಗ್ಗರಣೆಗೆ ಹಾಕಿದ ಸಾಸಿವೆ ಯಾಕೆ ಸಿಡಿಯುತ್ತದೆ? ಹಲ್ಲಿ ಸೂರಿನಿಂದ ಯಾಕೆ ಬೀಳುವುದಿಲ್ಲ? ಅರಿಶಿನದ ಕಲೆ ಸೋಪು ತಾಗಿದರೆ ಕೆಂಪಾಗುವುದೇಕೆ? ಕೊನೆಯದನ್ನು ಕೇಳಿದ ಮಗುವಿಗೆ ತಾನು ಕ್ಷಾರದ ಪಾಠಕ್ಕೆ ಆಗಲೇ ಬಂದುಬಿಟ್ಟಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಹುಣಿಸೆ, ನಿಂಬೆ, ಸುಣ್ಣದ ತಿಳಿ, ಒಂದು ಅರಿಶಿನದ ಕಾಗದ, ಹಿತ್ತಲಿನ ಕೆಂಪು ದಾಸವಾಳ ಇಷ್ಟಿದ್ದರೆ ಒಂದು ವಾರದ ಪಾಠ ನಡೆಯುತ್ತದೆ. ಹೆಸರುಗಳು ಆಮೇಲೆ ಬರಲಿ. ವಸ್ತುವಿನ ಪರಿಚಯವಾದ ಮೇಲೆ ಬಂದ ಹೆಸರು ಎಷ್ಟು ಉದ್ದವಿದ್ದರೂ ಭಾರವಾಗುವುದಿಲ್ಲ, ದ್ಯುತಿಸಂಶ್ಲೇಷಣೆಯೂ ಅಷ್ಟೆ.

ಕೆಲವು ಪ್ರಶ್ನೆಗಳಿಗೆ ನನಗೆ ಉತ್ತರ ಬರುವುದಿಲ್ಲ. ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎನ್ನಲು ನನಗೆ ಹತ್ತು ವರ್ಷ ಸರ್ವೀಸಾಗಬೇಕಾಯಿತು. ಮೊದಲ ಸಲ ಅಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮರುದಿನ ಡಬ್ಬಿಯಲ್ಲಿ ಚೀಟಿ ಜಾಸ್ತಿಯಾಗಿದ್ದವು.

ಈಗಿನ ಮಕ್ಕಳಿಗೆ ಬೇರೆ ತೊಂದರೆ. ಆಗ ಗೈಡು ನೋಡಿ ಬರೆಯುತ್ತಿದ್ದರು. ಈಗ ಪ್ರಯೋಗಕ್ಕೆ ಮುಂಚೆಯೇ ಅದರ ವಿಡಿಯೋ ಮೊಬೈಲಿನಲ್ಲಿ ನೋಡಿರುತ್ತಾರೆ. ಏನಾಗಬೇಕೆಂಬುದು ಗೊತ್ತಿರುವುದರಿಂದ, ಏನಾಗುತ್ತಿದೆ ಎಂದು ನೋಡುವ ವ್ಯವಧಾನ ಕಡಿಮೆ. ಪೋಷಕರಿಗೂ ನೋಟ್‌ಬುಕ್ಕು ಚೊಕ್ಕಟವಾಗಿರಬೇಕು. ಹೊಡೆದು ತಿದ್ದಿದ ಸಾಲು ಕಂಡರೆ ಮಗುವಿಗೆ ಹಾಳೆ ಹರಿದು ಹೊಸದಾಗಿ ಬರೆ ಎನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಹೊಡೆದ ಸಾಲು ಅಲ್ಲೇ ಇರಲಿ.

ಹೋದ ಸಲ ಒಂದು ಹಳ್ಳಿಯ ಶಾಲೆಗೆ ಹೋಗಿದ್ದಾಗ ಅದೇ ಬತ್ತಿ, ಅದೇ ತಟ್ಟೆ ಇಟ್ಟಿದ್ದೆ. ಏಳು ಗುಂಪುಗಳಲ್ಲಿ ಆರರಲ್ಲಿ ನೀರು ಏರಿತು. ಕೊನೆಯ ಬೆಂಚಿನ ಗುಂಪಿನ ಪುಸ್ತಕ ತೆಗೆದು ನೋಡಿದೆ. ‘ನಮ್ಮ ಲೋಟದಲ್ಲಿ ನೀರು ಏರಲಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಕೈಬರಹದಲ್ಲಿ: ‘ಲೋಟ ಮುಚ್ಚುವ ಮುಂಚೆಯೇ ಕಿಟಕಿಯ ಗಾಳಿಗೆ ಬತ್ತಿ ಆರಿತ್ತು. ನಾವು ಯಾರಿಗೂ ಹೇಳಲಿಲ್ಲ.’ ಅವರ ಮೇಷ್ಟರು, ನನ್ನ ಹಳೆಯ ಶಿಷ್ಯ, ನನ್ನ ಮುಖ ನೋಡಿದ. ನಾನು ಕೆಂಪು ಪೆನ್ನು ಅವನ ಕೈಗೆ ಕೊಟ್ಟೆ. ಅವನು ರೈಟ್ ಮಾರ್ಕು ಹಾಕಿ, ಆ ಗುಂಪಿಗೆ ಇನ್ನೊಂದು ಬೆಂಕಿಕಡ್ಡಿ ಕೊಟ್ಟ.