ಮಂದಿಗೆ ಸೇರದ ಪಿಕ್ಚರು, ಮನಿಗೆ ಬೇಕಾದ ಪಿಕ್ಚರು

ಅಕ್ಕಲಕೋಟ: ತಾಲೂಕಿನ ಹಳ್ಳಿಯೊಂದರ ಈ ಮನೆಯಲ್ಲಿ ಆಸ್ತಿಯ ಜಗಳವಿಲ್ಲ, ಬದುವಿನ ಜಗಳವಿಲ್ಲ. ಇರುವುದು ಒಂದೇ ಜಗಳ. ಟಿವಿಯಲ್ಲಿ ‘ಮನಸು ಮಲ್ಲಿಗೆ’ ಸಿನಿಮಾ ಹತ್ತಿದರೆ ಸಾಕು, ಕಾಲೇಜು ಕಲಿಯುವ ಮಗ ರಿಮೋಟ್ ಹುಡುಕತೊಡಗುತ್ತಾನೆ. ಅದು ಅಷ್ಟೊತ್ತಿಗೆ ತಾಯಿಯ ಉಡಿಯಲ್ಲಿರುತ್ತದೆ.

‘ಅವ್ವಾ, ಸೈರಾಟ್ ಮುಂದ ಇದೇನ್ ಪಿಕ್ಚರ್? ಬರೀ ಝೆರಾಕ್ಸ್’ ಎಂದು ಮಗ ನಗುತ್ತಾನೆ. ‘ಝೆರಾಕ್ಸೇ ಇರ್ಲಿ. ತಹಸೀಲ ಕಚೇರ್ಯಾಗ ಎಲ್ಲಾ ಕೆಲಸ ಝೆರಾಕ್ಸ್ ಮ್ಯಾಲೇ ನಡೀತಾವ’ ಎಂಬ ಉತ್ತರ ತಾಯಿಯ ಬಾಯಲ್ಲಿ ಸಿದ್ಧವಾಗಿರುತ್ತದೆ.

ಊರೆಲ್ಲ ಒಂದು ಸಿನಿಮಾವನ್ನು ಬೈದರೂ, ಅದು ಡಬ್ಬಾ ಎಂದು ತೀರ್ಪು ಕೊಟ್ಟರೂ, ‘ನನಗ ಮಾತ್ರ ಬೇಕು’ ಎಂದು ಹಿಡಿದು ಕುಳಿತವರು ಪ್ರತಿ ಗಲ್ಲಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಇಂಥವರನ್ನು ಮಾತಾಡಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಅವರಿಗೆ ಸಿನಿಮಾದ ದೋಷಗಳು ಕಾಣುವುದಿಲ್ಲ ಎಂದಲ್ಲ. ಬೈಯುವವರಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ಆದರೂ ಬಿಡುವುದಿಲ್ಲ.

ನಮ್ಮ ಜಿಲ್ಲೆಯ ಪಿಕ್ಚರು

‘ಮನಸು ಮಲ್ಲಿಗೆ’ಯ ಪರ ಮಾತಾಡುವುದು ಸೊಲ್ಲಾಪುರ ಜಿಲ್ಲೆಯಲ್ಲಿ ಸುಲಭದ ಕೆಲಸವಲ್ಲ. ಕಾರಣ ಎಲ್ಲರಿಗೂ ಗೊತ್ತು. ಅದರ ಮೂಲವಾದ ಮರಾಠಿಯ ‘ಸೈರಾಟ್’ ಇದೇ ಮಣ್ಣಿನದು. ನಿರ್ದೇಶಕ ನಾಗರಾಜ ಮಂಜುಳೆ ಕರಮಾಳಾ ತಾಲೂಕಿನ ಜೇವೂರಿನವರು. ಆರ್ಚಿ ಪಾತ್ರದ ರಿಂಕು ರಾಜಗುರು ಅಕಲೂಜದ ಹುಡುಗಿ. ಚಿತ್ರೀಕರಣ ನಡೆದದ್ದೂ ಕರಮಾಳಾ ಭಾಗದಲ್ಲೇ. 2016ರ ಏಪ್ರಿಲ್ 29ರಂದು ತೆರೆಗೆ ಬಂದ ಆ ಸಿನಿಮಾ, ಅದುವರೆಗೆ ಯಾವ ಮರಾಠಿ ಚಿತ್ರವೂ ಮಾಡದಷ್ಟು ಗಳಿಕೆ ಮಾಡಿತು. ರಿಂಕು ಅಭಿನಯಕ್ಕೆ ರಾಷ್ಟ್ರ ಪ್ರಶಸ್ತಿಯ ವಿಶೇಷ ಉಲ್ಲೇಖವೂ ಸಿಕ್ಕಿತು. ಅಜಯ್-ಅತುಲ್ ಹಾಡುಗಳು ಆ ವರ್ಷ ಲಗ್ನದ ಮೆರವಣಿಗೆ, ಗಣಪತಿ ಮಂಡಪ ಯಾವುದನ್ನೂ ಬಿಡಲಿಲ್ಲ.

ಅದಾಗಿ ವರ್ಷ ತುಂಬುವ ಮೊದಲೇ, 2017ರ ಮಾರ್ಚ್ 31ರಂದು, ಕನ್ನಡದ ‘ಮನಸು ಮಲ್ಲಿಗೆ’ ಬಂತು. ನಿರ್ದೇಶನ ಎಸ್. ನಾರಾಯಣ್ ಅವರದು. ನಾಯಕಿ ಅದೇ ರಿಂಕು, ಸಂಗೀತ ಅದೇ ಅಜಯ್-ಅತುಲ್. ಆದರೆ ಮೂಲದ ಗೆಲುವಿನ ಹತ್ತಿರಕ್ಕೂ ಅದು ಹೋಗಲಿಲ್ಲ. ಮೂಲ ನೋಡಿದವರಿಗಂತೂ ಸೇರಲೇ ಇಲ್ಲ. ಕರಮಾಳಾದ ಮಣ್ಣು, ಅಲ್ಲಿಯ ಮಾತಿನ ಗತ್ತು, ಬಾವಿ, ಕಬ್ಬಿನ ಹೊಲ ಇವೆಲ್ಲ ‘ಸೈರಾಟ್’ನ ಅರ್ಧ ಜೀವ. ಮಾತು ಬದಲಿಸಿದ ಮೇಲೆ ಆ ಜೀವ ಎಲ್ಲಿಂದ ಬರಬೇಕು ಎಂಬುದು ಮಂದಿಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

‘ನಾನೂ ಇಲ್ಲ ಅನ್ನೂದಿಲ್ರಿ. ಸೈರಾಟ್ ಛಲೋ ಅದ. ಇದಕ್ಕಿಂತ ಹತ್ತು ಪಟ್ಟು ಛಲೋ ಅದ’ ಎನ್ನುತ್ತಾರೆ ಈ ಗೃಹಿಣಿ. ಹೆಸರು ಮಾತ್ರ ಹಾಕಬಾರದಂತೆ. ‘ಮೊದಲೇ ಓಣ್ಯಾಗ ನಗ್ತಾರ, ಪೇಪರ್ ಓದಿ ಮತ್ತ ನಗ್ಬೇಕೇನು?’

ಇವರ ತವರು ಇಂಡಿ ತಾಲೂಕು. ಲಗ್ನವಾಗಿ ಬಂದಾಗ ಮರಾಠಿ ಬರುತ್ತಿರಲಿಲ್ಲ. ಈಗ ಬಜಾರಿನಲ್ಲಿ, ಬಚತ ಗಟದ ಸಭೆಯಲ್ಲಿ, ಮಗನ ಶಾಲೆಯಲ್ಲಿ ಮರಾಠಿ ಸರಾಗ. ಆದರೆ ಇವರ ತಾಯಿಗೆ ಕೊನೆಯವರೆಗೂ ಕನ್ನಡವೊಂದೇ ಗೊತ್ತಿತ್ತು. 2016ರ ಬೇಸಿಗೆಯಲ್ಲಿ ಮಗಳ ಮನೆಗೆ ಬಂದಿದ್ದ ಆ ಅಜ್ಜಿಯನ್ನೂ ಮನೆಯವರು ಸೊಲ್ಲಾಪುರಕ್ಕೆ ಕರೆದೊಯ್ದು ‘ಸೈರಾಟ್’ ತೋರಿಸಿದರು. ಥೇಟರಿನಲ್ಲಿ ಮಂದಿ ನಕ್ಕಾಗಲೆಲ್ಲ ಅಜ್ಜಿ ಪಕ್ಕಕ್ಕೆ ತಿರುಗಿ ‘ಏನಂದ?’ ಎಂದು ಕೇಳಿದರಂತೆ. ‘ಆಮ್ಯಾಲ ಹೇಳ್ತೀನಬೇ’ ಎಂದು ಮಗಳು ಪ್ರತಿ ಸಲ ಸುಮ್ಮನಾಗಿಸಿದರು. ಮನೆಗೆ ಬಂದ ಮೇಲೆ ಹೇಳಲು ಯಾರಿಗೂ ಪುರಸೊತ್ತಾಗಲಿಲ್ಲ.

ಅದೇ ಕಥೆ ಮುಂದೆ ಕನ್ನಡದಲ್ಲಿ ಟಿವಿಗೆ ಬಂದಾಗ ಏನಾಯಿತು ಎಂಬುದೇ ಇವರ ವಾದ. ಅದು ಕೊನೆಯಲ್ಲಿ.

‘ಅಳತಿ ತಪ್ಪಿರಬಹುದು’

ಸೊಲ್ಲಾಪುರದ ಹಳೆಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೇಲರ್ ಒಬ್ಬರದು ಇನ್ನೂ ಹಳೆಯ ದಾವೆ. ಮೂವತ್ತು ವರ್ಷ ಮೀರಿದ್ದು. ಅವರ ಸಿನಿಮಾ ರವಿಚಂದ್ರನ್ ಅವರ ‘ಶಾಂತಿ ಕ್ರಾಂತಿ’.

‘ಪ್ರೇಮಲೋಕ’ (1987), ‘ರಣಧೀರ’ (1988) ಗೆದ್ದ ಮೇಲೆ ರವಿಚಂದ್ರನ್ ದೊಡ್ಡ ಸಾಹಸಕ್ಕೆ ಕೈ ಹಾಕಿದರು. ಒಂದೇ ಕಥೆಯನ್ನು ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಭಾಷೆಯಲ್ಲಿ ಮಾಡಿದರು. ಕನ್ನಡಕ್ಕೆ ತಾವೇ ನಾಯಕ, ತೆಲುಗಿಗೆ ನಾಗಾರ್ಜುನ, ತಮಿಳು ಮತ್ತು ಹಿಂದಿಗೆ ರಜನಿಕಾಂತ್. ಜೂಹಿ ಚಾವ್ಲಾ ನಾಯಕಿ, ಅನಂತನಾಗ್ ಖಳನಾಯಕ, ಹಂಸಲೇಖ ಸಂಗೀತ. 1991ರಲ್ಲಿ ಬಂದ ಚಿತ್ರ ನೆಲಕಚ್ಚಿತು. ರವಿಚಂದ್ರನ್ ಸಾಲದಲ್ಲಿ ಮುಳುಗಿದರು. ಆ ಹೊತ್ತಿಗೆ ಕೈ ಹಿಡಿದದ್ದು ತಮಿಳಿನ ‘ಚಿನ್ನ ತಂಬಿ’ಯ ರಿಮೇಕ್ ಆದ ‘ರಾಮಾಚಾರಿ’.

ಆಗ ಈ ಟೇಲರ್ ಕೆಲಸ ಕಲಿಯುವ ಹುಡುಗ. ಕನ್ನಡ ಸಿನಿಮಾ ನೋಡಬೇಕೆಂದರೆ ಎಸ್‌ಟಿ ಹಿಡಿದು ವಿಜಾಪುರಕ್ಕೇ ಹೋಗಬೇಕಿದ್ದ ಕಾಲ. ಉದಯ ಟಿವಿ ಶುರುವಾದದ್ದೇ 1994ರಲ್ಲಿ. ವಾರದ ಪಗಾರದಲ್ಲಿ ಉಳಿಸಿ, ಇಬ್ಬರು ಗೆಳೆಯರನ್ನು ಪುಸಲಾಯಿಸಿ ಹೋದರೆ ಥೇಟರಿನಲ್ಲಿ ಅರ್ಧ ಕುರ್ಚಿ ಖಾಲಿ. ಇಂಟರ್‌ವಲ್‌ನಲ್ಲಿ ಗೆಳೆಯರಿಬ್ಬರೂ ಎದ್ದರು. ಇವರು ಏಳಲಿಲ್ಲ. ‘ಬಸ್ಸಿನ ರೊಕ್ಕ ವಾಪಸ್ ಕೊಡು’ ಎಂದು ಆ ಗೆಳೆಯರು ಇಂದಿಗೂ ಕಾಡುತ್ತಾರೆ.

ಅಂಗಡಿಗೆ ಚಾ ಕುಡಿಯಲು ಬರುವ ಗೆಳೆಯರಲ್ಲೊಬ್ಬರು ಟೇಲರಿಂಗ್ ಭಾಷೆಯಲ್ಲೇ ಚುಚ್ಚುತ್ತಾರೆ: ‘ನಾಲ್ಕು ಮಂದಿಗೆ ಒಂದೇ ಅಳತಿ ಹಿಡದು ಹೊಲದ್ರ ಯಾರ ಮೈಗೂ ಸರಿಯಾಗಿ ಕೂಡೂದಿಲ್ಲ ಕಾಕಾ. ಅದಾ ಆತು ನೋಡು ಅಲ್ಲಿ.’

‘ಅಳತಿ ತಪ್ಪಿರಬಹುದು. ಅರಿವಿ ಮಾತ್ರ ಖರೇ ಇತ್ತು’ ಎಂದು ಕಾಕಾ ಕತ್ತರಿ ಕೆಳಗಿಡದೆ ಉತ್ತರಿಸುತ್ತಾರೆ.

ಸಿನಿಮಾ ಉದ್ದವಾಯಿತು, ಹೊಡೆದಾಟ ಹೆಚ್ಚಾಯಿತು, ಕಥೆ ಅಲ್ಲಲ್ಲಿ ಹರಿಯಿತು ಎಂಬುದನ್ನೆಲ್ಲ ಅವರು ಒಪ್ಪುತ್ತಾರೆ. ಅವರ ವಾದ ಬೇರೆ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ಬಂದಾಗ ಎಲ್ಲರೂ ಪ್ಯಾನ್ ಇಂಡಿಯಾ ಎಂದು ಹೊಗಳಿದರು. ಅದರಲ್ಲಿ ಉಳಿದ ಭಾಷೆಗಳಿಗೆ ಮಾತು ಡಬ್ ಮಾಡಿದರೆ ಸಾಕಿತ್ತು. 27 ವರ್ಷ ಮೊದಲು ಕನ್ನಡದವನೊಬ್ಬ ನಾಯಕರನ್ನೇ ಬದಲಿಸಿ ಮತ್ತೆ ಮತ್ತೆ ಚಿತ್ರೀಕರಣ ಮಾಡಿದ್ದ. ‘ಗೆದ್ದಾಂವಗ ಹಾರ, ಸೋತಾಂವಗ ಬೈಗಳ. ಮೊದಲ ಬಾವಿ ತೋಡಿದಾಂವಗ ನೀರ ಹತ್ತಲಿಲ್ಲಂತ ಅಂವ ಗುದ್ದಲಿ ಹಿಡದದ್ದು ಸುಳ್ಳಾಗತದೇನ್ರಿ?’

ತಪ್ಪುಗಳ ಪಟ್ಟಿ ಓದಿದವರಿಗೆ ಅವರ ಬಳಿ ಇನ್ನೊಂದು ಮಾತಿದೆ: ‘ನನ್ನ ಮಗನ್ಯಾಗೂ ತಪ್ಪು ಅದಾವ. ಹಂಗಂತ ಮನಿ ಬಿಡಿಸೇನೇನು?’

ಕನ್ನಡಿಯಲ್ಲಿ ಬಂದ ಬಿಸಿಲು

ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಗುರುಗಳೊಬ್ಬರ ಮಾತು ಕೇಳಿದರೆ, ಸೋತ ಸಿನಿಮಾಗಳಲ್ಲೂ ಎರಡು ಜಾತಿ ಎಂದು ತಿಳಿಯುತ್ತದೆ. ಕಾಲವೇ ಮುಂದೆ ನಿರ್ದೋಷಿ ಎಂದು ಬಿಟ್ಟು ಕಳಿಸಿದವು ಒಂದು. ಇನ್ನೂ ಕಟಕಟೆಯಲ್ಲೇ ನಿಂತವು ಇನ್ನೊಂದು.

ಅವರಿಗೆ ಪ್ರಿಯವಾದದ್ದು ಮೊದಲ ಜಾತಿಯದು. ಗುರುದತ್ ಅವರ ‘ಕಾಗಜ್ ಕೆ ಫೂಲ್’. ಹೆಸರಾಂತ ನಿರ್ದೇಶಕನೊಬ್ಬ ಎಲ್ಲವನ್ನೂ ಕಳೆದುಕೊಂಡು, ಕೊನೆಗೆ ಖಾಲಿ ಸ್ಟುಡಿಯೋದಲ್ಲಿ ತನ್ನ ಹಳೆಯ ಕುರ್ಚಿಯಲ್ಲೇ ಪ್ರಾಣ ಬಿಡುವ ಕಥೆ. ಸಿನಿಮಾಸ್ಕೋಪಿನಲ್ಲಿ ತಯಾರಾದ ಭಾರತದ ಮೊದಲ ಚಿತ್ರ. 1959ರಲ್ಲಿ ಬಂದು ಹೀನಾಯವಾಗಿ ಸೋತಿತು. ಆ ಪೆಟ್ಟಿನ ನಂತರ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕ ಎಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರಲ್ಲಿ ತೀರಿಕೊಂಡರು. ಈಗ ಅದೇ ಚಿತ್ರವನ್ನು ಸಿನಿಮಾ ಕಲಿಯುವವರಿಗೆ ಪಾಠವಾಗಿ ತೋರಿಸುತ್ತಾರೆ.

‘ಇದು ಹಿಂದಿ ಪಿಕ್ಚರ್ ಅಂತ ಮಂದಿ ಅಂತಾರ. ಇದರಾಗ ನಮ್ಮ ಪಾಲೂ ಅದ’ ಎನ್ನುತ್ತಾರೆ ಗುರುಗಳು. ಗುರುದತ್ ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಈ ಚಿತ್ರದಲ್ಲಿ ಕತ್ತಲು ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಅದಕ್ಕೆ ಮೂರ್ತಿಯವರು ಬಳಸಿದ್ದು ದೊಡ್ಡ ಕನ್ನಡಿಗಳನ್ನು. ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದರು. ಆ ಕೆಲಸಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಗುರುಗಳು ಇದನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಓಣಿಗೊಂದೇ ಟಿವಿ ಇದ್ದ ದಿನಗಳಲ್ಲಿ. ಪಡಸಾಲೆ ತುಂಬ ಮಂದಿ ಸೇರಿದ್ದರು. ಅರ್ಧ ಮುಗಿಯುವುದರೊಳಗೆ ಒಬ್ಬೊಬ್ಬರೇ ಎದ್ದರು. ಕೊನೆಗೆ ಉಳಿದವರು ಇವರು ಮತ್ತು ಟಿವಿಯ ಮಾಲಕರು. ‘ಅವರೂ ಪಿಕ್ಚರ್‌ಗೆ ಕೂತಿದ್ದಿಲ್ರಿ. ನಾ ಹೋಗ್ಲಿ, ಬಾಗಲಾ ಹಾಕೂಣು ಅಂತ ಕೂತಿದ್ರು!’

ಎದ್ದು ಹೋದವರನ್ನು ಗುರುಗಳು ದಡ್ಡರು ಎನ್ನುವುದಿಲ್ಲ. ಚಿತ್ರ ನಿಧಾನ, ದುಃಖ ಜಾಸ್ತಿ, ದಿನವಿಡೀ ಹೊಲದಲ್ಲಿ ದುಡಿದು ಬಂದವನಿಗೆ ಕಣ್ಣು ಎಳೆಯುವುದು ಸಹಜ. ರಾಜ್ ಕಪೂರ್ ಅವರ ‘ಮೇರಾ ನಾಮ್ ಜೋಕರ್’ಗೂ (1970) ಇದೇ ಗತಿ ಬಂದಿತ್ತು. ನಾಲ್ಕು ಗಂಟೆಗೂ ಮೀರಿದ ಚಿತ್ರ, ಎರಡು ಇಂಟರ್‌ವಲ್. ಮಂದಿ ಬರಲಿಲ್ಲ. ಆ ಸಾಲ ತೀರಿಸಲು 1973ರ ‘ಬಾಬಿ’ ಬೇಕಾಯಿತು. ಈಗ ಜೋಕರ್‌ನನ್ನು ಹೊಗಳದವರಿಲ್ಲ.

ಆದರೆ ಗುರುಗಳ ಎಚ್ಚರಿಕೆಯ ಮಾತೂ ಇದೆ. ಸೋತದ್ದೆಲ್ಲ ‘ಕಾಗಜ್ ಕೆ ಫೂಲ್’ ಅಲ್ಲ. ಬಹಳಷ್ಟು ಸಿನಿಮಾ ಸೋಲುವುದು ಅವು ಚೆನ್ನಾಗಿಲ್ಲ ಎಂಬ ಕಾರಣಕ್ಕೇ. ‘ನನ್ನ ಕೆಲಸ ಹಗರ ಆತು. ಈಗ ದೊಡ್ಡ ದೊಡ್ಡವರು ನನ್ನ ಪಕ್ಷಕ್ಕ ಬಂದಾರ. ಯಾರೂ ಪಕ್ಷಕ್ಕ ಬರದ ಪಿಕ್ಚರ್ ಹಿಡಕೊಂಡು ಕೂತವರದು ಖರೇ ಕಷ್ಟ. ಅವರಿಗೆ ಸಾಕ್ಷಿ ಅವರ ಮನಸ್ಸೊಂದೇ.’

ಬೈಯುವ ಮೊದಲು ಕೇಳಬೇಕಾದ ಮಾತು

ಇಂಥ ಪ್ರೀತಿಗೆ ಸಿನಿಮಾವೊಂದೇ ಕಾರಣವಲ್ಲ ಎಂಬುದೂ ನಿಜ. ಯಾರ ಜತೆ ನೋಡಿದೆವು, ಯಾವ ಭಾಷೆಯಲ್ಲಿ ನೋಡಿದೆವು, ಅಂದು ಮನೆಯ ಪರಿಸ್ಥಿತಿ ಹೇಗಿತ್ತು ಎಂಬುದೂ ಅದರೊಳಗೆ ಸೇರಿರುತ್ತದೆ. ಅದನ್ನು ಕೇಳದೆ ‘ಡಬ್ಬಾ ಪಿಕ್ಚರ್’ ಎಂದು ಬಿಟ್ಟರೆ ಎದುರಿನವರಿಗೆ ನೋವಾಗುತ್ತದೆ. ಗಡಿಯ ಮನೆಗಳಿಗೆ ಇದು ಹೊಸದಲ್ಲ. ‘ಇಷ್ಟು ಛಲೋ ಮರಾಠಿ ಪಿಕ್ಚರ್ ಇರಬೇಕಾದ್ರ ಕನ್ನಡದ್ದು ಯಾಕ ನೋಡ್ತೀರಿ’ ಎಂದು ಇಲ್ಲಿ, ‘ನಿಮ್ಮ ಕನ್ನಡ ಏನು ಹಿಂಗದ’ ಎಂದು ಬೆಂಗಳೂರಿನಲ್ಲಿ ಕೇಳಿಸಿಕೊಂಡು ಬೆಳೆದವರಿಗೆ, ಹೆಚ್ಚು ಮಂದಿಗೆ ಬೇಡವಾದುದನ್ನು ಮನೆಯಲ್ಲಿ ಜೋಪಾನ ಮಾಡುವುದು ರೂಢಿಯಾಗಿದೆ.

ಅಕ್ಕಲಕೋಟ ತಾಲೂಕಿನ ಆ ಮನೆಗೆ ನೆರೆಯ ಮರಾಠಿ ಬಾಯಿಯೊಬ್ಬರೂ ‘ಮನಸು ಮಲ್ಲಿಗೆ’ ನೋಡಲು ಬಂದು ಕೂಡುತ್ತಾರೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ‘ನಮ್ಮ ಅಕಲೂಜದ ಪೋರಿ ನಿಮ್ಮ ಮನೆಯ ಪಿಕ್ಚರಿಗೂ ಬಂದಾಳಲ್ಲ’ ಎಂಬ ಕೌತುಕ ಅವರದು.

ಇನ್ನು, ಟಿವಿಯಲ್ಲಿ ಮೊದಲ ಸಲ ಆ ಸಿನಿಮಾ ಬಂದ ರಾತ್ರಿಯ ಮಾತು. ಇಂಡಿಯಿಂದ ಬಂದಿದ್ದ ಅಜ್ಜಿ ಗ್ವಾಡಿಗೆ ಒರಗಿ ಕೊನೆಯವರೆಗೂ ನೋಡಿದರು. ಒಮ್ಮೆಯೂ ‘ಏನಂದ?’ ಎಂದು ಕೇಳಲಿಲ್ಲ. ಜಾತಿ ಬಿಟ್ಟು ಲಗ್ನವಾದ ಹುಡುಗಿಯ ಕಥೆ ಮುಗಿಯಿತು. ಎಲ್ಲರೂ ಹಾಸಿಗೆ ಹಾಸುವಾಗ ಅಜ್ಜಿ ಒಂದು ಹೆಸರು ಹೇಳಿದರು. ತಮ್ಮ ಸ್ವಂತ ತಂಗಿಯ ಹೆಸರು.

‘ನಮಗೊಬ್ಬಾಕಿ ಚಿಗವ್ವ ಇದ್ದಾಳ ಅಂತ ಅವತ್ತೇ ಗೊತ್ತಾತ್ರಿ. ಬ್ಯಾರೆ ಜಾತಿಯಾಂವನ ಕೂಡ ಹೋಗಿದ್ಲಂತ. ನಮ್ಮಜ್ಜ ಆಕಿ ಹೆಸರು ಮನ್ಯಾಗ ತಗೀಬಾರದು ಅಂದಿದ್ದ. ನಲವತ್ತು ವರ್ಷ ಯಾರೂ ತಗದಿದ್ದಿಲ್ಲ. ನಮ್ಮವ್ವ ಅವತ್ತು ಬೆಳತನಕ ಹೇಳಿದ್ಲು.’

ಆ ಚಿಗವ್ವನನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಸಿಕ್ಕದ್ದು ಸಾಂಗಲಿ ಕಡೆ. ಅಕ್ಕ ತಂಗಿ ಫೋನಿನಲ್ಲಿ ಮಾತಾಡಿದರು, ಮುಂದೆ ಎರಡು ಸಲ ಭೆಟ್ಟಿಯೂ ಆದರು. ಅಜ್ಜಿ ತೀರಿಕೊಂಡಾಗ ತಂಗಿ ಬಂದು ಮೂರು ದಿನ ಇದ್ದು ಹೋದರು.

ಮಗನಿಗೆ ಈ ಕಥೆ ಗೊತ್ತಿದೆ. ಆದರೂ ಸಿನಿಮಾ ಝೆರಾಕ್ಸ್ ಎನ್ನುವುದನ್ನು ಅವನು ಬಿಟ್ಟಿಲ್ಲ. ತಾಯಿಯೂ ಅವನ ಬಾಯಿ ಮುಚ್ಚಿಸಲು ಹೋಗುವುದಿಲ್ಲ. ‘ಅಂವ ಹೇಳೂದು ಖರೇ ಅದ. ಸೈರಾಟ್ ನೋಡಿ ಊರೆಲ್ಲಾ ಅತ್ತಿತ್ತು, ನಾನೂ ಅತ್ತಿದ್ದೆ. ಆದ್ರ ನಮ್ಮವ್ವ ಬಾಯಿ ಬಿಟ್ಟದ್ದು ಇದನ್ನ ನೋಡಿ’ ಎಂದವರೇ ಟಿವಿಯ ದನಿ ತುಸು ಏರಿಸಿದರು. ರಿಮೋಟ್ ಮತ್ತೆ ಉಡಿಗೆ ಸೇರಿತು.