ಕಾಲು ಉಳುಕಿದ್ದಕ್ಕೆಲ್ಲ ಎಕ್ಸ್‌ರೇ ಬೇಕೇ?

ಮೆಟ್ಟಿಲಿಳಿಯುವಾಗ ಪಾದ ಹೊರಳಿ ಉಳುಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಊದಿಕೊಳ್ಳುತ್ತದೆ. ಮನೆಯವರು ಗಾಬರಿಯಿಂದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯುತ್ತಾರೆ. ವೈದ್ಯರು ಅಲ್ಲಲ್ಲಿ ಒತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, "ಮೂಳೆ ಮುರಿದಿಲ್ಲ, ಎಕ್ಸ್‌ರೇ ಬೇಡ" ಎಂದರೆ ನಮಗೆ ಸಮಾಧಾನವಿಲ್ಲ. "ಯಾವುದಕ್ಕೂ ಒಂದು ತೆಗೆದೇ ಬಿಡಿ ಡಾಕ್ಟ್ರೇ" ಎನ್ನುತ್ತೇವೆ. ಆದರೆ ಹಾಗೆ ಒತ್ತಿ ನೋಡುವುದು, ನಡೆಸಿ ನೋಡುವುದು ಬರೀ ಅಂದಾಜಲ್ಲ.

ಕೆನಡಾದ ಒಟ್ಟಾವಾ ನಗರದಲ್ಲಿ ಡಾ. ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಒಂದು ವಿಷಯ ಗಮನಿಸಿದರು. ಕಾಲು ಉಳುಕಿಸಿಕೊಂಡು ಬರುವ ಬಹುತೇಕ ಎಲ್ಲರಿಗೂ ಎಕ್ಸ್‌ರೇ ಆಗುತ್ತಿತ್ತು. ಮೂಳೆ ಮುರಿದಿರುತ್ತಿದ್ದುದು ನೂರರಲ್ಲಿ 15ಕ್ಕಿಂತ ಕಡಿಮೆ ಮಂದಿಗೆ. 750 ವಯಸ್ಕರನ್ನು ಪರೀಕ್ಷಿಸಿ ಅವರು 1992ರಲ್ಲಿ ಪ್ರಕಟಿಸಿದ ಸೂತ್ರಗಳು ಇಂದು 'ಒಟ್ಟಾವಾ ನಿಯಮಗಳು' ಎಂದು ಜಗತ್ತಿನೆಲ್ಲೆಡೆ ಪ್ರಸಿದ್ಧ.

ನಿಯಮ ಸರಳ. ಪಾದದ ಗಂಟಿನ ಎರಡೂ ಬದಿ ಉಬ್ಬಿದ ಮೂಳೆಗಳಿವೆಯಲ್ಲ, ಅವುಗಳ ತುದಿಯನ್ನು ಅಥವಾ ಹಿಂಬದಿಯ ಅಂಚನ್ನು ಆರು ಸೆಂಟಿಮೀಟರ್ ಮೇಲಿನವರೆಗೆ ಒತ್ತಿದಾಗ ಮೂಳೆಯ ಮೇಲೆಯೇ ನೋವಾದರೆ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಕುಂಟಿಕೊಂಡು ನಡೆದರೂ ನಡೆದಂತೆಯೇ ಲೆಕ್ಕ. ಪಾದದ ನಡುಭಾಗ ನೋಯುತ್ತಿದ್ದರೆ, ಕಿರುಬೆರಳಿನ ನೇರದ ಮೂಳೆಯ ಬುಡವನ್ನೂ ಒಳಬದಿಯ ಮೂಳೆಯನ್ನೂ ಹೀಗೆಯೇ ಒತ್ತಿ ನೋಡುತ್ತಾರೆ. ಊತ ಎಷ್ಟಿದೆ ಎಂಬುದು ಈ ನಿಯಮದಲ್ಲಿ ಇಲ್ಲವೇ ಇಲ್ಲ! ನಾವು ಹೆದರುವುದು ಮಾತ್ರ ಅದಕ್ಕೇ.

1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ನಿಯಮ ಬಳಸಿದ ಆಸ್ಪತ್ರೆಯಲ್ಲಿ ಪಾದದ ಗಂಟಿನ ಎಕ್ಸ್‌ರೇ ಶೇ. 28ರಷ್ಟು ಕಡಿಮೆಯಾಯಿತು. ಮೂಳೆ ಮುರಿಯದವರಲ್ಲಿ ಎಕ್ಸ್‌ರೇ ಇಲ್ಲದೆ ಹೋದವರು ಸರಾಸರಿ 80 ನಿಮಿಷದಲ್ಲಿ ಮನೆಗೆ ಹೊರಟರು, ತೆಗೆಸಿಕೊಂಡವರಿಗೆ 116 ನಿಮಿಷ ಬೇಕಾಯಿತು. ವೈದ್ಯರ ಆರೈಕೆ ತೃಪ್ತಿ ತಂದಿತೇ ಎಂದು ಕೇಳಿದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು: ಶೇ. 95 ಮತ್ತು 96. ಸರಿಯಾಗಿ ಪರೀಕ್ಷಿಸಿ, ವಿವರಿಸಿ ಹೇಳಿದರೆ ರೋಗಿಗಳು ಒಪ್ಪುತ್ತಾರೆ ಎಂದಾಯಿತು.

ಇನ್ನೊಂದು ಮಾತು. ಉಳುಕಿದಾಗ ಪೆಟ್ಟು ತಿನ್ನುವುದು ಮೂಳೆಗಳನ್ನು ಬಿಗಿದಿಟ್ಟ ನಾರುಗಳು. ಅವು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಚಿತ್ರ ತೆಗೆದರೂ ಬಿಟ್ಟರೂ ಚಿಕಿತ್ಸೆ ಅದೇ: ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಪಟ್ಟಿ, ಕಾಲು ಎತ್ತರಿಸಿ ಇಡುವುದು.

ವಿಕಿರಣದ ಹೆದರಿಕೆಯೇ? ಪಾದದ ಎಕ್ಸ್‌ರೇಯಲ್ಲಿ ಅದು ತೀರಾ ಅಲ್ಪ. ಇಲ್ಲಿ ನಷ್ಟವಾಗುವುದು ಹಣ ಮತ್ತು ಹೊತ್ತು. ಸರದಿಯಲ್ಲಿ ನಿಮ್ಮ ಹಿಂದೆ ಸೊಂಟದ ಮೂಳೆ ಮುರಿದ ಅಜ್ಜಿ ಕಾಯುತ್ತಿರಬಹುದು. ಮಕ್ಕಳ ತಲೆಯ ಸಿಟಿ ಸ್ಕ್ಯಾನಿನ ಮಾತು ಬೇರೆ. ಎದೆಯ ಒಂದು ಎಕ್ಸ್‌ರೇಗೆ ಹೋಲಿಸಿದರೆ ಅದರಲ್ಲಿ ಸುಮಾರು ನೂರು ಪಟ್ಟು ವಿಕಿರಣ, ಎಳೆಯ ಮಕ್ಕಳಿಗೆ ಅಪಾಯವೂ ಹೆಚ್ಚು. ಅಮೆರಿಕದಲ್ಲಿ ತಲೆಗೆ ಪೆಟ್ಟು ಬಿದ್ದ 42,412 ಮಕ್ಕಳ ಅಧ್ಯಯನ 2009ರಲ್ಲಿ ಪ್ರಕಟವಾದಾಗ, ಅಪಾಯದ ಲಕ್ಷಣವಿಲ್ಲದ ಮಗುವಿಗೆ ಸ್ಕ್ಯಾನ್ ಬೇಕಿಲ್ಲ ಎಂಬುದು ಸ್ಪಷ್ಟವಾಯಿತು. ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿಸಿ ಗಮನಿಸೋಣ ಎಂದು ವೈದ್ಯರು ಹೇಳಿದರೆ ಅದನ್ನು ಉದಾಸೀನ ಎಂದುಕೊಳ್ಳಬೇಡಿ. ಆದರೆ ಮಗು ಪ್ರಜ್ಞೆ ತಪ್ಪಿದ್ದರೆ, ಪದೇಪದೇ ವಾಂತಿ ಮಾಡಿದರೆ, ಮಂಕಾಗಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ಕರೆದೊಯ್ಯಿರಿ.

ಒಟ್ಟಾವಾ ನಿಯಮಕ್ಕೂ ಮಿತಿಯಿದೆ. ಹಳೆಯ ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಮೂಳೆ ಮುರಿದರೂ ನೋವು ತಿಳಿಯದಿರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಮೂಲ ಅಧ್ಯಯನದಲ್ಲಿದ್ದವರು ವಯಸ್ಕರು; ಚಿಕ್ಕ ಮಕ್ಕಳ ವಿಷಯದಲ್ಲಿ ವೈದ್ಯರ ವಿವೇಚನೆಯೇ ದೊಡ್ಡದು. ಗರ್ಭಿಣಿಯರು, ಗರ್ಭದ ಅನುಮಾನವಿರುವವರು ಯಾವ ಎಕ್ಸ್‌ರೇಗೂ ಮುನ್ನ ಸಂಕೋಚಪಡದೆ ತಿಳಿಸಬೇಕು. ಎಕ್ಸ್‌ರೇ ಇಲ್ಲದೆ ಮನೆಗೆ ಬಂದವರು ಒಂದು ವಾರ ಕಳೆದರೂ ಪಾದ ಊರಿ ನಡೆಯಲಾಗದಿದ್ದರೆ ಮತ್ತೆ ತೋರಿಸಿಕೊಳ್ಳಿ.