ತೆರಿಗೆ ಬಾರದವನಿಗೂ ತೆರಿಗೆಯ ಖರ್ಚು

ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಪಾಸ್‌ಬುಕ್ ಹಿಡಿದು ಕಚೇರಿಗೆ ಬಂದರು. ಮೂರು ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಕಾಫಿ. ಮಗಳ ಮದುವೆಗೆಂದು ಇಟ್ಟ ಠೇವಣಿಗೆ 62,000 ರೂಪಾಯಿ ಬಡ್ಡಿ ಬಂದಿತ್ತು. ಅದರಲ್ಲಿ 6,200 ರೂಪಾಯಿ ಮುರಿದುಕೊಂಡಿದ್ದರು. “ತೋಟದ ಆದಾಯಕ್ಕೆ ತೆರಿಗೆ ಇಲ್ಲ ಅಂತೀರಿ, ಮತ್ತೆ ಇದೇನು ಸ್ವಾಮಿ?” ಎಂದು ಕೇಳಿದರು.

ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂಬುದು ನಿಜ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರುವುದೂ ಕೃಷಿಯೇ. ಕಾಫಿಯನ್ನು ಪಲ್ಪ್ ಮಾಡಿ ಪಾರ್ಚ್‌ಮೆಂಟ್ ಆಗಿ ಮಾರುವುದೂ ಹಾಗೆಯೇ. ಬೆಳೆಗಾರನೇ ಕ್ಯೂರಿಂಗ್ ಮಾಡಿ ಮಾರಿದರೆ ಮಾತ್ರ, 2002ರಲ್ಲಿ ಬಂದ ನಿಯಮದಂತೆ, ಆದಾಯದ ಶೇ. 25 ಭಾಗ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಆದರೆ ಬ್ಯಾಂಕಿನ ಬಡ್ಡಿ, ಅಸಲು ತೋಟದಿಂದಲೇ ಬಂದಿದ್ದರೂ, ಕೃಷಿ ಆದಾಯವಲ್ಲ. 2025ರ ಏಪ್ರಿಲ್‌ನಿಂದ ವರ್ಷದ ಬಡ್ಡಿ 50,000 ರೂಪಾಯಿ ಮೀರಿದರೆ ಬ್ಯಾಂಕು ಶೇ. 10ರಂತೆ ಮುರಿಯಬೇಕು, ಹಿರಿಯ ನಾಗರಿಕರಿಗೆ ಈ ಮಿತಿ ಒಂದು ಲಕ್ಷ.

ನಮ್ಮ ಸದಸ್ಯರು ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಸೊನ್ನೆ. ಆದರೂ ಆ 6,200 ರೂಪಾಯಿ ಮರಳಿ ಬರಲು ರಿಟರ್ನ್ ಸಲ್ಲಿಸಬೇಕು. ಅದಕ್ಕೆ ಪೇಟೆಯಲ್ಲಿ ಕೇಳಿದ ಫೀಸು 1,500. ಎರಡು ದಿನದ ಕೆಲಸ ಕೆಟ್ಟದ್ದು, ಬಸ್ಸಿನ ಖರ್ಚು ಬೇರೆ. ತನ್ನದೇ ಹಣ ಪಡೆಯಲು ಕಾಲುಪಾಲು ತೆರಬೇಕಾಯಿತು. ವರ್ಷವಿಡೀ ಲೆಕ್ಕಿಗರನ್ನು ಇಟ್ಟುಕೊಂಡ ದೊಡ್ಡ ಎಸ್ಟೇಟಿಗೆ ಇದು ಲೆಕ್ಕಕ್ಕೇ ಬಾರದ ಖರ್ಚು. ಖಜಾನೆಗೆ ಸೇರುವುದಕ್ಕಿಂತ ಹೆಚ್ಚಿನದನ್ನು ತೆರಿಗೆಯು ಜನರ ಕಿಸೆಯಿಂದ ತೆಗೆಯಬಾರದೆಂದು ಆಡಂ ಸ್ಮಿತ್ 1776ರಲ್ಲೇ ಹೇಳಿದ್ದನು.

ಹಾಗೆಂದು ನಾವು ಬೆಳೆಗಾರರು ಒಂದೇ ಪಕ್ಷದ ಮಾತಾಡುವುದೂ ಸಲ್ಲದು. ನಮ್ಮಷ್ಟೇ ಆದಾಯವುಳ್ಳ ಶಾಲಾ ಮಾಸ್ತರರು ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕೊಡುತ್ತಾರೆ. ಕೆ. ಎನ್. ರಾಜ್ ಸಮಿತಿಯ 1972ರ ವರದಿಯ ನಂತರ, 1973ರ ಹಣಕಾಸು ಕಾಯಿದೆಯು ಕೃಷಿ ಆದಾಯವನ್ನು ಇತರ ಆದಾಯದ ತೆರಿಗೆ ದರ ಗೊತ್ತುಮಾಡಲು ಮಾತ್ರ ಸೇರಿಸಿಕೊಂಡಿತು. ಶಕ್ತಿಯಿದ್ದವನು ಹೆಚ್ಚು ಕೊಡಲಿ ಎಂಬ ಆ ತತ್ತ್ವಕ್ಕೆ ನನ್ನ ತಕರಾರಿಲ್ಲ. ಶಕ್ತಿಯಿಲ್ಲದವನು ಅದನ್ನು ರುಜುವಾತು ಮಾಡಲು ಹಣ ಕೊಡಬೇಕಾದದ್ದೇ ಅನ್ಯಾಯ. ಮುರಿದುಕೊಂಡ ಲೆಕ್ಕವೆಲ್ಲ ಇಲಾಖೆಯ ಬಳಿಯೇ ಇರುವಾಗ, ಸಣ್ಣ ಮೊತ್ತವನ್ನು ತಾನಾಗಿಯೇ ಹಿಂದಿರುಗಿಸಲು ಅಡ್ಡಿಯೇನು?

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡೋಣ. ತೆರಿಗೆ ಬಾರದ ಸದಸ್ಯರು ಏಪ್ರಿಲ್ ಮೊದಲ ವಾರದಲ್ಲೇ ಬ್ಯಾಂಕಿಗೆ ಘೋಷಣಾ ಪತ್ರ ಕೊಟ್ಟರೆ ಹಣ ಮುರಿಯುವುದಿಲ್ಲ. ಪ್ಯಾನ್ ಸಂಖ್ಯೆ ಬ್ಯಾಂಕಿನಲ್ಲಿ ದಾಖಲಾಗಿರಲಿ. ಅಡಿಕೆ, ಕಾಫಿ ಮಾರಿದ ಪಟ್ಟಿಗಳನ್ನು ಜೋಪಾನವಾಗಿಡಿ. ಬರೆಯಲು ತೊಡಕಾದವರು ಸಂಘದ ಕಚೇರಿಗೆ ಬನ್ನಿ. ಕೂತು ಬರೆಯೋಣ, ಅದಕ್ಕೆ ಫೀಸಿಲ್ಲ.